ಇರುವೆ ಸ್ವರದ ಮೇಷ್ಟ್ರು

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನಮ್ಮ ಶಾಲೆಯ ಕಚೇರಿಯಲ್ಲಿ ಫೋನು ಬಡಿದುಕೊಳ್ಳಲು ಶುರುವಾಗುತ್ತಿತ್ತು. ಮಕ್ಕಳು ರೈಲಿಳಿದು, ಗುಡ್ಡ ಹತ್ತಿ ಶಾಲೆ ಮುಟ್ಟುವ ಮೊದಲೇ ಅವರ ಮೇಲಿನ ದೂರು ಬಂದು ಮುಟ್ಟಿರುತ್ತಿತ್ತು. ಮೂವತ್ತೊಂದು ವರ್ಷ ಆ ಫೋನು ಎತ್ತಿದವಳು ನಾನು.

"ನಿಮ್ಮ ಹುಡುಗರು ಹಿಡಿಕೆಗೆ ಜೋತುಬಿದ್ದು ಮಂಗನಾಟ ಆಡ್ತಿದ್ರು ಕಣ್ರೀ."

"ನಿಮ್ಮ ಶಾಲೆ ಹುಡುಗಿ ಚೀಲ ನನ್ನ ಪಕ್ಕೆಗೆ ತಿವೀತು. ತಿರುಗಿ ಕೂಡ ನೋಡ್ಲಿಲ್ಲ ಅವಳು."

"ಬಾಗಿಲಿಗೇ ಗುಂಪು ಕಟ್ಕೊಂಡು ನಿಂತ್ರೆ ಇಳಿಯೋರು ಎಲ್ಲಿಂದ ಇಳೀಬೇಕು? ಕಿಟಕಿಯಿಂದ ಹಾರ್ಬೇಕಾ?"

ಒಸಾಕಾ ಮತ್ತು ಕೋಬೆ ನಡುವಿನ ಆ ಲೈನಿನಲ್ಲಿ ನಮ್ಮ ಶಾಲೆಯ ಕಡುನೀಲಿ ದುಂಡು ಟೋಪಿಯನ್ನು ಗುರುತಿಸದವರಿರಲಿಲ್ಲ. ಖಾಸಗಿ ಪ್ರಾಥಮಿಕ ಶಾಲೆ. ಆರು ವರ್ಷದ ಮಕ್ಕಳು ಕೂಡ ಕತ್ತಿಗೆ ಪಾಸು ತೂಗುಹಾಕಿಕೊಂಡು ದೂರದೂರದಿಂದ ಒಬ್ಬೊಬ್ಬರೇ ರೈಲಿನಲ್ಲಿ ಬರುತ್ತಿದ್ದರು. ಒಬ್ಬ ಅಜ್ಜ ವಾರಕ್ಕೆ ಮೂರು ಸಲವಾದರೂ ಫೋನು ಮಾಡುತ್ತಿದ್ದ. ಹೆಸರು ಹೇಳುತ್ತಿರಲಿಲ್ಲ. "ನಾನು ಯಾರಾದ್ರೇನು, ಟಿಕೆಟ್ ತಗೊಂಡ ಮನುಷ್ಯ," ಎನ್ನುತ್ತಿದ್ದ. ಕಚೇರಿಯಲ್ಲಿ ನಾವು ಅವನಿಗೆ 'ಟಿಕೆಟ್ ಅಜ್ಜ' ಎಂದೇ ಹೆಸರಿಟ್ಟಿದ್ದೆವು.

ಯಾರದೇ ಫೋನು ಬರಲಿ, ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು ಒಂದೇ ಮಾತು: "ನಮ್ಮಿಂದ ತೊಂದ್ರೆ ಆಯ್ತು, ದಯವಿಟ್ಟು ಕ್ಷಮಿಸ್ಬೇಕು." ಆಮೇಲೆ ರೈಲು ಯಾವುದು, ಬೋಗಿ ಎಷ್ಟನೆಯದು ಎಂದು ಕೇಳಿ ಚೀಟಿಯಲ್ಲಿ ಬರೆದು, ಆ ಚೀಟಿಯನ್ನು ಇಗರಾಶಿ ಮೇಷ್ಟ್ರ ಮೇಜಿನ ಮೇಲಿಡುತ್ತಿದ್ದೆ.

ಇಗರಾಶಿ ಕೊಹೇಯಿ ಮೂರನೆಯ ತರಗತಿಯ ಮೇಷ್ಟ್ರು. ಮಕ್ಕಳ ರೈಲು ಪ್ರಯಾಣದ ಉಸ್ತುವಾರಿಯೂ ಅವರದೇ. ಅದು ಯಾರಿಗೂ ಬೇಡವಾದ ಕೆಲಸ, ಹೊಸದಾಗಿ ಸೇರಿದವರ ತಲೆಗೆ ಒಂದು ವರ್ಷ ಕಟ್ಟಿ ಆಮೇಲೆ ಬಿಡಿಸುತ್ತಿದ್ದರು. ಇವರು ಮಾತ್ರ ಬಿಡಿಸಿಕೊಳ್ಳಲಿಲ್ಲ. ಸಣ್ಣ ಆಳು, ಕಿವಿ ಸ್ವಲ್ಪ ದೊಡ್ಡದು, ಬೇಸಿಗೆಯಲ್ಲೂ ಕೋಟಿನ ಗುಂಡಿ ಬಿಚ್ಚುತ್ತಿರಲಿಲ್ಲ. ದಿನಾ ಬೆಳಿಗ್ಗೆ ತಮ್ಮ ಮನೆಯ ಸ್ಟೇಷನ್ನಿನಿಂದ ಹಿಂದಕ್ಕೆ ಆರು ಸ್ಟೇಷನ್ ಹೋಗಿ, ಅಲ್ಲಿಂದ ಮಕ್ಕಳ ಜೊತೆ ಶಾಲೆಗೆ ಬರುತ್ತಿದ್ದರು. ಇವತ್ತು ಎರಡನೆಯ ಬೋಗಿಯಾದರೆ ನಾಳೆ ಐದನೆಯದು. ಯಾವ ಬೋಗಿಯಲ್ಲಿ ಇರುತ್ತಾರೆಂದು ಮಕ್ಕಳಿಗೆ ಗೊತ್ತಾಗದಂತೆ.

ಶಾಲಾವರ್ಷದ ಮೊದಲ ತಿಂಗಳಿಡೀ ಅವರ ತರಗತಿ ರೈಲಿನ ಬೋಗಿಯಾಗುತ್ತಿತ್ತು. ಕುರ್ಚಿಗಳನ್ನು ಎರಡು ಸಾಲಾಗಿ ಎದುರುಬದುರು ಇಟ್ಟು, ಮಧ್ಯೆ ಮಕ್ಕಳನ್ನು ನಿಲ್ಲಿಸುತ್ತಿದ್ದರು. ಚೀಲ ಬೆನ್ನಿನಿಂದ ಇಳಿಸಿ ಎದೆಗೆ ಅಪ್ಪಿಕೊಳ್ಳುವುದು. ಕೊಡೆಯ ಪಟ್ಟಿ ಬಿಗಿಯುವುದು. ಸೀಟು ಖಾಲಿಯಿದ್ದರೂ ಕೂರದಿರುವುದು. ಬೋಗಿಯೊಳಗೆ ಚೀಲ ತೆರೆಯದಿರುವುದು. ಒಮ್ಮೆ ಒಬ್ಬನ ಪೆನ್ಸಿಲ್ ಡಬ್ಬಿ ಬಿದ್ದು ಒಬ್ಬ ಮುದುಕಿ ಪೆನ್ಸಿಲು ಮೆಟ್ಟಿ ಜಾರಿದ್ದಳು. ಸ್ವರಗಳಿಗೂ ಪಾಠವಿತ್ತು. ಆನೆಯ ಸ್ವರ ಮೈದಾನಕ್ಕೆ, ಹಸುವಿನ ಸ್ವರ ತರಗತಿಗೆ, ಬೆಕ್ಕಿನ ಸ್ವರ ಪಕ್ಕದ ಗೆಳೆಯನಿಗೆ, ಇರುವೆಯ ಸ್ವರ ರೈಲಿಗೆ.

"ಇರುವೆ ಮಾತಾಡೋದನ್ನ ಯಾರಾದ್ರೂ ಕೇಳಿದೀರಾ?" ಎಂದು ಕೇಳುತ್ತಿದ್ದರು.

"ಇಲ್ಲ ಮೇಷ್ಟ್ರೇ!" ಎಂದು ಮಕ್ಕಳು ಕೂಗುತ್ತಿದ್ದರು.

"ಹಾಂ, ಅದೇ."

ಮಕ್ಕಳು ಅವರಿಗೆ ಇರುವೆ ಮೇಷ್ಟ್ರು ಎಂದು ಹೆಸರಿಟ್ಟರು. ಒಮ್ಮೆ ಶಾಲೆಯ ಕ್ರೀಡಾದಿನಕ್ಕೆ ಬಂದಿದ್ದ ಅವರ ಹೆಂಡತಿ ಫುಸಾಎ ನನ್ನ ಹತ್ತಿರ ನಗುತ್ತಾ ಹೇಳಿದ್ದರು: "ಮನೇಲೂ ಹಾಗೇ ಕಣ್ರೀ. ಮೂಲಂಗಿ ಜೋರಾಗಿ ಕಚ್ಚಿದ್ರೂ ತಿರುಗಿ ನೋಡ್ತಾರೆ. ಮಕ್ಕಳಾಗ್ಲಿಲ್ಲವಲ್ಲ, ಆ ಪಾಠವೆಲ್ಲ ನನಗೇ."

ಅವರಿಗೆ ಈ ಹುಚ್ಚು ಎಲ್ಲಿಂದ ಹತ್ತಿತೆಂದು ನನಗೆ ಗೊತ್ತಾದದ್ದು ಒಂದು ವರ್ಷಾಂತ್ಯದ ಊಟದಲ್ಲಿ. ಅಕ್ಕಿಯ ಮದ್ಯ, ಬಿಸಿ ಸಾಕೆ, ಎರಡು ಬಟ್ಟಲು ಇಳಿದಿತ್ತು. ಪಕ್ಕದಲ್ಲಿದ್ದ ನನಗೆ, ಕೇಳದೆಯೇ ಹೇಳಿದರು.

ಅವರ ಊರು ಇಜುಮಿ ಕಡೆ. ತಂದೆ ಹಾಸಿಗೆ ಹಿಡಿದ ಮೇಲೆ ತಾಯಿ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಬೆಳಿಗ್ಗೆ ರೈಲಿನಲ್ಲಿ ಮನೆಗೆ ಬರುವ ನಲವತ್ತು ನಿಮಿಷವೇ ಆಕೆಗೆ ಸಿಗುವ ಒಳ್ಳೆಯ ನಿದ್ದೆ; ಮನೆ ಮುಟ್ಟಿದರೆ ರೋಗಿ, ಒಲೆ, ಬಟ್ಟೆ. ಇಗರಾಶಿ ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯವರು ಮಕ್ಕಳನ್ನು ರೈಲಿನಲ್ಲಿ ಎಲ್ಲಿಗೋ ಕರೆದೊಯ್ದರು. ಮಕ್ಕಳ ಗಲಾಟೆ ಮುಗಿಲು ಮುಟ್ಟಿತ್ತು. ಒಂದು ಮೂಲೆಯಲ್ಲಿ ಕೂದಲಿಗೆಲ್ಲ ಹತ್ತಿಯ ಧೂಳು ಮೆತ್ತಿಕೊಂಡ ಹೆಂಗಸೊಬ್ಬಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಹುಡುಗರು ಅವಳ ಬಾಯಿ ನೋಡಿ ನಕ್ಕರು, ಒಬ್ಬ ಅವಳ ಹಾಗೆಯೇ ಗೊರಕೆ ಹೊಡೆದು ತೋರಿಸಿದ.

"ನಮ್ಮಮ್ಮ ಕಣ್ರೀ ಅದು," ಎಂದರು ಇಗರಾಶಿ. "ನಾನು ಸುಮ್ನಿದ್ದೆ. ಅಷ್ಟೇ ಅಲ್ಲ, ನಕ್ಕೆ. ಅವಳು ಕಣ್ಣು ಬಿಟ್ಟು ನನ್ನ ನೋಡಿದ್ಲು. ನನಗೆ ನಾಚಿಕೆ ಆಗ್ಬಾರ್ದು ಅಂತ ಗುರ್ತೇ ಇಲ್ಲದೋಳ ಹಾಗೆ ಮತ್ತೆ ಕಣ್ಣು ಮುಚ್ಕೊಂಡ್ಲು. ನಿದ್ದೆ ಮಾಡ್ಲಿಲ್ಲ. ನನಗೆ ಗೊತ್ತು, ನಿದ್ದೆ ಮಾಡ್ಲಿಲ್ಲ."

ಬಟ್ಟಲು ಕೆಳಗಿಟ್ಟು, "ಬೋಗೀಲಿ ಕೂತೋರಲ್ಲಿ ಯಾರು ಎಂಥಾ ರಾತ್ರಿ ಕಳೆದು ಬಂದಿದಾರೋ ಮಕ್ಕಳಿಗೆ ಏನು ಗೊತ್ತಾಗುತ್ತೆ, ಹಮಾಸಾಕಿ ಅವ್ರೇ?" ಎಂದರು. ಹಮಾಸಾಕಿ ಎಂದರೆ ನಾನು.

ಆ ಮಾತು ಕೇಳಿದ ಮೇಲೆ ದೂರಿನ ಚೀಟಿಗಳನ್ನು ಅವರ ಮೇಜಿನ ಮೇಲೆ ಬಿಸಾಡುವುದನ್ನು ಬಿಟ್ಟು, ಕೈಗೇ ಕೊಡತೊಡಗಿದೆ.

ಅವರ ಪಾಠ ವರ್ಷದಿಂದ ವರ್ಷಕ್ಕೆ ಹಿಡಿಯುತ್ತ ಹೋಯಿತು. ಮೊದಲು ದಿನಕ್ಕೆ ಐದಾರು ಬರುತ್ತಿದ್ದ ಫೋನು ವಾರಕ್ಕೆ ಒಂದಾಯಿತು. ಟಿಕೆಟ್ ಅಜ್ಜ ಒಂದು ದಿನ ಫೋನು ಮಾಡಿ, "ಇವತ್ತೇನೂ ದೂರಿಲ್ಲ. ನಿಮ್ಮ ಮಕ್ಕಳು ಗೊಂಬೆಗಳ ಹಾಗೆ ನಿಂತಿದ್ವು. ಹೇಳ್ಬೇಕು ಅನ್ನಿಸ್ತು," ಎಂದು ಇಟ್ಟುಬಿಟ್ಟ. ಆಮೇಲೆ ಅವನ ಫೋನು ಬರಲೇ ಇಲ್ಲ. ಸತ್ತನೋ ಏನೋ. ಹೆಡ್ಮಾಸ್ಟರು ಶಿಂಜೊ ಅವರು 'ಗೊಂಬೆಗಳ ಹಾಗೆ' ಎಂಬ ಮಾತನ್ನು ಪ್ರವೇಶದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದರು. ಅರ್ಜಿಗಳು ಹೆಚ್ಚಿದವು.

ಆಗೊಂದು ಬದಲಾವಣೆಯಾಯಿತು. ಮಕ್ಕಳ ಚೀಲದ ಪಟ್ಟಿಗೆ ಒಂದು ಅಲಾರಂ ತೂಗುಹಾಕುವುದು ಎಲ್ಲ ಕಡೆ ರೂಢಿ. ಯಾರಾದರೂ ಕೆಟ್ಟವರು ಹತ್ತಿರ ಬಂದರೆ ದಾರ ಎಳೆಯಬೇಕು, ಕಿವಿ ಹರಿಯುವಂತೆ ಕೂಗಿಕೊಳ್ಳುತ್ತದೆ. ಒಬ್ಬ ಹುಡುಗನ ಅಲಾರಂ ನೂಕುನುಗ್ಗಲಿನಲ್ಲಿ ಯಾರದೋ ಕೊಡೆಗೆ ಸಿಕ್ಕಿ ಬಡಿದುಕೊಂಡಿತು. ಆ ದಿನ ಹನ್ನೊಂದು ಫೋನು ಬಂದವು. ಇಗರಾಶಿ ಯೋಚಿಸಿ, ರೈಲಿನಲ್ಲಿರುವಷ್ಟು ಹೊತ್ತು ಅಲಾರಂ ಚೀಲದೊಳಗಿರಬೇಕು ಎಂದು ಗೊತ್ತುಮಾಡಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಬೋಗಿಯ ತುಂಬ ದೊಡ್ಡವರಿರುತ್ತಾರೆ, ಅಲ್ಲಿ ಮಗುವಿಗೆ ಏನಾದೀತು?

ಕಟಾಗಿರಿ ಚಿಹೊ ಆಗ ಮೂರನೆಯ ತರಗತಿ. ಎಂಟು ವರ್ಷ. ಕಿವಿಯ ಮೇಲಿನವರೆಗೆ ಕತ್ತರಿಸಿದ ಕೂದಲು, ಮಂಡಿಯವರೆಗೆ ಸದಾ ಎಳೆದ ಬಿಳಿ ಕಾಲುಚೀಲ. ಉಬ್ಬಸವಿತ್ತು. ಚೀಲದಲ್ಲಿ ಇನ್ಹೇಲರ್ ಇಟ್ಟುಕೊಂಡು ಓಡಾಡುತ್ತಿದ್ದಳು. ಓಟದ ಆಟಕ್ಕೆ ಆಗದ ಮಗುವಾದ್ದರಿಂದ ಇನ್ನೆಲ್ಲಾದರೂ ಒಳ್ಳೆಯವಳಾಗಬೇಕೆಂದು ಅವಳಿಗೆ ಇದ್ದಿರಬೇಕು. ಇರುವೆ ಸ್ವರದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಚೀಲದ ಕೊಂಡಿ ಸದ್ದು ಮಾಡುತ್ತದೆಂದು ಅದಕ್ಕೆ ಉಣ್ಣೆ ಸುತ್ತಿಕೊಂಡು ಬಂದಿದ್ದಳು. ಇಗರಾಶಿ ಆ ಚೀಲವನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದರಂತೆ.

ಅದು 2009. ಮೇ ತಿಂಗಳಲ್ಲಿ ಹಂದಿಜ್ವರವೆಂಬ ಹೊಸ ಜ್ವರ ನಮ್ಮ ಕಡೆಗೇ ಮೊದಲು ಬಂದು ಶಾಲೆಗಳೆಲ್ಲ ಮುಚ್ಚಿದ್ದವು. ತೆರೆದ ಮೇಲೂ ಜನಕ್ಕೆ ಹೆದರಿಕೆ ಹೋಗಿರಲಿಲ್ಲ. ಎಲ್ಲರ ಮುಖಕ್ಕೂ ಮಾಸ್ಕು. ರೈಲಿನಲ್ಲಿ ಯಾರಾದರೂ ಒಂದು ಸಲ ಕೆಮ್ಮಿದರೆ ಸುತ್ತಲಿನ ಕಣ್ಣುಗಳೆಲ್ಲ ಅತ್ತ ತಿರುಗುತ್ತಿದ್ದವು. ನನ್ನ ಫೋನು ಮತ್ತೆ ಬಡಿದುಕೊಳ್ಳತೊಡಗಿತು. "ನಿಮ್ಮ ಮಗು ಒಂದು ಕೆಮ್ತಾ ಇತ್ತು. ಮನೇಲಿ ಇಟ್ಕೊಳ್ಳೋಕಾಗಲ್ವಾ?" "ನಮ್ಮ ಮನೇಲಿ ವಯಸ್ಸಾದೋರಿದಾರೆ ರೀ, ನೀವು ಜವಾಬ್ದಾರಿ ತಗೋತೀರಾ?"

ಶರತ್ಕಾಲದಲ್ಲಿ ಇಗರಾಶಿ ಕುರ್ಚಿಗಳನ್ನು ಮತ್ತೆ ಎರಡು ಸಾಲು ಮಾಡಿಸಿ ಕೆಮ್ಮಿನ ಪಾಠ ಮಾಡಿದರು. ಕರವಸ್ತ್ರ ಹೇಗೆ ಹಿಡಿಯಬೇಕು, ಮುಖ ಎತ್ತ ತಿರುಗಿಸಬೇಕು. ನಾನು ಹಾಜರಿ ಪುಸ್ತಕ ಕೊಡಲು ಹೋಗಿದ್ದವಳು ಬಾಗಿಲಲ್ಲೇ ನಿಂತಿದ್ದೆ. ಚಿಹೊ ಕೈಯೆತ್ತಿದಳು.

"ಮೇಷ್ಟ್ರೇ, ಕೆಮ್ಮು ನಿಲ್ಲದೇ ಹೋದ್ರೆ?"

"ಕರವಸ್ತ್ರ ಗಟ್ಟಿಯಾಗಿ ಹಿಡ್ಕೋ. ತೀರಾ ಆಗ್ಲಿಲ್ಲ ಅಂದ್ರೆ ಮುಂದಿನ ಸ್ಟೇಷನ್ನಲ್ಲಿ ಇಳಿ. ಅಲ್ಲಿ ಎಷ್ಟು ಬೇಕಾದ್ರೂ ಕೆಮ್ಮು. ಮುಂದಿನ ರೈಲು ಹತ್ತು. ಶಾಲೆಗೆ ತಡವಾದ್ರೂ ಬೈಯಲ್ಲ."

"ಅಲ್ಲಿವರೆಗೂ ತಡ್ಕೋಬೇಕಾ?"

"ಅಲ್ಲಿವರೆಗೂ ತಡ್ಕೋ. ಆಗುತ್ತೆ ಅಲ್ವಾ?"

"ಆಗುತ್ತೆ ಮೇಷ್ಟ್ರೇ."

ಒಳ್ಳೆಯ ಉತ್ತರವೆಂದೇ ನನಗೂ ಅನ್ನಿಸಿತು. ತಡವಾದರೂ ಬೈಯುವುದಿಲ್ಲ ಎಂದರಲ್ಲ, ಎಷ್ಟು ಮೃದು ಈ ಮನುಷ್ಯ ಎಂದುಕೊಂಡೆ.

ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಗಾಳಿ ಜೋರಾಗಿತ್ತು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ ತಡವಾಯಿತು. ಅಂಥ ದಿನ ಮೊದಲು ಬಂದ ಗಾಡಿ ಹತ್ತಬೇಕೆಂಬ ನಿಯಮದ ಪ್ರಕಾರವೇ ಚಿಹೊ ಹಿಂದೆ ಬಂದ ಎಕ್ಸ್‌ಪ್ರೆಸ್ ಹತ್ತಿದಳು. ಎರಡು ಗಾಡಿಯ ಜನ ಒಂದರಲ್ಲಿ. ಆ ಗಾಡಿ ಜಂಕ್ಷನ್ ಬಿಟ್ಟರೆ ನಮ್ಮ ಶಾಲೆಯ ಸ್ಟೇಷನ್ನಿನವರೆಗೆ ಒಂಬತ್ತು ನಿಮಿಷ ಎಲ್ಲೂ ನಿಲ್ಲುವುದಿಲ್ಲ. ಅಲ್ಲಿಂದ ಮತ್ತೆ ಹದಿನಾಲ್ಕು ನಿಮಿಷ ಓಡಿ ಊರಿನ ಕೊನೆಯ ಸ್ಟೇಷನ್ನು.

ಬೋಗಿಯಲ್ಲಿ ಏನಾಯಿತೆಂಬುದು ಆಮೇಲೆ ಒಬ್ಬಿಬ್ಬರ ಬಾಯಿಂದ ತಿಳಿಯಿತು. ಒಂದು ಮಗು ಕೆಮ್ಮಿತು. ಪಕ್ಕದ ಗಂಡಸು ಮುಖ ತಿರುಗಿಸಿದ. ಮಗು ಎರಡೂ ಕೈಯಿಂದ ಕರವಸ್ತ್ರ ಬಾಯಿಗೆ ಒತ್ತಿಕೊಂಡಿತು. ಎದೆಗೆ ಅಪ್ಪಿಕೊಂಡ ಚೀಲದ ಸುತ್ತ ಜನ ಒತ್ತಿ ನಿಂತಿದ್ದರು. ಮಗು ಹಾಗೆಯೇ ಕುಸಿದು ಕೂತಿತು. ಎದುರು ಸೀಟಿನಲ್ಲಿ ಕೂತಿದ್ದ ಹೆಂಗಸಿಗೆ ಟೋಪಿ ಕಾಣುತ್ತಿತ್ತು. "ನಿದ್ದೆ ಬಂದು ಕೂತಿದೆ ಅಂದ್ಕೊಂಡೆ. ಏನು ಶಿಸ್ತಿನ ಮಗು ಅನ್ನಿಸ್ತು," ಎಂದಳಂತೆ. ಶಾಲೆಯ ಸ್ಟೇಷನ್ನು ಬಂತು, ಬಾಗಿಲ ಬಳಿಯಿದ್ದ ಮಕ್ಕಳು ಇಳಿದರು, ಬಾಗಿಲು ಮುಚ್ಚಿತು. ಕೊನೆಯ ಸ್ಟೇಷನ್ನಿನಲ್ಲಿ ಜನವೆಲ್ಲ ಖಾಲಿಯಾದ ಮೇಲೆ ನೆಲದ ಮೇಲೆ ತೆರೆಯದ ಚೀಲ ತಬ್ಬಿಕೊಂಡು ಒರಗಿದ್ದ ಮಗು ಒಂದೇ ಉಳಿಯಿತು. ತುಟಿ ನೀಲಿಯಾಗಿತ್ತು.

ಎಂಟೂ ಐವತ್ತರ ಸುಮಾರಿಗೆ ಫೋನು ಬಂತು. ಗಂಡಸಿನ ದನಿ, "ನಿಮ್ಮ ಶಾಲೆಯ ಮಗು ಒಂದು ರೈಲಿನಲ್ಲಿ..." ಎಂದಿತು. ಅಷ್ಟು ಸಾಕಾಯಿತು ನನ್ನ ಬಾಯಿಗೆ. "ನಮ್ಮಿಂದ ತೊಂದ್ರೆ ಆಯ್ತು, ದಯವಿಟ್ಟು ಕ್ಷಮಿಸ್ಬೇಕು," ಎಂದು ಶುರುಮಾಡಿದೆ.

"ಅಮ್ಮಾ, ನಾನು ಸ್ಟೇಷನ್ನಿನೋನು," ಎಂದ ಅವನು. "ಮಗುಗೆ ಉಸಿರಿಲ್ಲ. ಹೆಸರು ಹೇಳಿ ಬೇಗ. ಪಾಸಿನ ನಂಬರು ಓದ್ತೀನಿ."

ಉಸಿರು ಮತ್ತೆ ಬಂತು. ಆಸ್ಪತ್ರೆಯವರು ತರಿಸಿದರು. ಮಗು ಬರಲಿಲ್ಲ. ಇಪ್ಪತ್ತು ದಿನದ ಮೇಲೆ ಚಿಹೊ ಕಣ್ಣು ತೆರೆದಳು. ಆ ಕಣ್ಣು ಯಾರನ್ನೂ ಗುರುತಿಸಲಿಲ್ಲ, ಯಾವುದನ್ನೂ ಹಿಂಬಾಲಿಸಲಿಲ್ಲ. ಮೆದುಳಿಗೆ ಗಾಳಿಯಿಲ್ಲದೆ ಹೋದ ನಿಮಿಷಗಳನ್ನು ಯಾರೂ ಹಿಂದಕ್ಕೆ ತರಲಾರರು ಎಂದರು ವೈದ್ಯರು.

ಮಗುವನ್ನು ಇಳಿಸಿಕೊಳ್ಳುವಷ್ಟರಲ್ಲಿ ಆ ಎಕ್ಸ್‌ಪ್ರೆಸ್ಸು ಕೊನೆಯ ಸ್ಟೇಷನ್ನಿನಿಂದ ಹನ್ನೆರಡು ನಿಮಿಷ ತಡವಾಗಿ ಹೊರಟಿತ್ತು. ಡಿಸೆಂಬರಿನಲ್ಲಿ ಚಿಹೊಳ ತಂದೆತಾಯಿ ಆ ಸ್ಟೇಷನ್ನಿಗೆ ಹೋಗಿ, ಹೂರಣದ ಸಿಹಿಯ ಪೆಟ್ಟಿಗೆ ಕೊಟ್ಟು, ಗಾಡಿ ತಡವಾಗಿದ್ದಕ್ಕೆ ಬಗ್ಗಿ ಕ್ಷಮೆ ಕೇಳಿ ಬಂದರು. ಅಲ್ಲಿಂದ ನೇರ ನಮ್ಮ ಶಾಲೆಗೆ ಬಂದರು. ಅಂಥದೇ ಇನ್ನೊಂದು ಪೆಟ್ಟಿಗೆ ನಮಗೂ. ಇಗರಾಶಿ ಹೆಡ್ಮಾಸ್ಟರ ಕೋಣೆಯ ನೆಲದ ಮೇಲೆ ಮಂಡಿಯೂರಿ, ಹಣೆ ಜಮಖಾನಕ್ಕೆ ತಾಗಿಸಿ ಏಳಲಿಲ್ಲ. ಚಹಾ ತಂದ ನಾನು ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಿಂತೆ.

ತಾಯಿ ಅವರ ಮುಂದೆ ಕೂತು ಮೆಲ್ಲಗೆ ಹೇಳಿದರು: "ಏಳಿ ಮೇಷ್ಟ್ರೇ. ನಿಮ್ಮದೇನೂ ತಪ್ಪಿಲ್ಲ. ನೀವು ಹೇಳಿದ್ದನ್ನೇ ಮಾಡಿದಾಳೆ ಅವಳು. ನಿಮ್ಮ ಮಾತು ಅಂದ್ರೆ ಅವಳಿಗೆ ಅಷ್ಟು."

ಆಕೆ ಕುಟುಕಲು ಹಾಗೆ ಹೇಳಲಿಲ್ಲ. ಸಮಾಧಾನಕ್ಕೇ ಹೇಳಿದರು. ಅದಕ್ಕೇ ಆ ಮಾತಿಗೆ ಮದ್ದಿರಲಿಲ್ಲ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಇಗರಾಶಿ ಕಚೇರಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಜೇಬಿನಿಂದ ತಮ್ಮ ದಿನಚರಿಯ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ, ನನ್ನ ಕಡೆ ತಿರುಗಿಸಿದರು. ಆ ಗುರುವಾರದ ಪುಟ. 'ಎಕ್ಸ್‌ಪ್ರೆಸ್, ಮೂರನೆಯ ಬೋಗಿ. ಭಾರೀ ಜನ. ಮಕ್ಕಳು ನಿಶ್ಶಬ್ದ. ಉತ್ತಮ.'

"ನಾನು ಅದೇ ಬೋಗೀಲಿದ್ದೆ," ಎಂದರು.

ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ.

"ಆ ಕಡೆ ತುದೀಲಿದ್ದೆ. ಜನ ಅಂದ್ರೆ ಜನ, ಏನೂ ಕಾಣ್ತಿರ್ಲಿಲ್ಲ. ಕೆಮ್ಮು ಕೇಳಿಸ್ತು. ನಮ್ಮ ಮಗು ಅಂತ ಗೊತ್ತಾಯ್ತು. ಐದಾರು ಸಲ ಕೇಳಿಸ್ತು. ಆಮೇಲೆ ನಿಂತೋಯ್ತು." ಅವರು ಪುಸ್ತಕ ಮುಚ್ಚಿದರು. "ಭೇಷ್ ಅಂದ್ಕೊಂಡೆ ಹಮಾಸಾಕಿ ಅವ್ರೇ. ತಡ್ಕೊಂಡ್ಲು, ಭೇಷ್ ಅಂದ್ಕೊಂಡೆ."

"ಇದನ್ನ ಅವಳ ತಾಯಿಗೆ ಹೇಳಿದ್ರಾ?"

"ಹೇಳೋಕೆ ಬಾಯಿ ಬರ್ಲಿಲ್ಲ. ಹೇಳ್ಬೇಕಾ?"

"ಬೇಡ," ಎಂದೆ. ನಾನು ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಮಾರನೆಯ ವಾರ ಅವರು ಹೋಗಿ ಹೇಳಿಯೇಬಿಟ್ಟರು. ತಾಯಿ ಪೂರ್ತಿ ಕೇಳಿಸಿಕೊಂಡು, "ತಿಳಿಸಿದ್ದಕ್ಕೆ ಉಪಕಾರವಾಯ್ತು," ಎಂದರಂತೆ.

ಹೊಸ ವರ್ಷದ ರಜೆ ಮುಗಿದ ಮೇಲೆ ಇಗರಾಶಿ ಮತ್ತೊಮ್ಮೆ ಕುರ್ಚಿಗಳನ್ನು ಎರಡು ಸಾಲು ಮಾಡಿಸಿದರು. ಈ ಸಲ ಅವರು ಕಲಿಸಬೇಕೆಂದಿದ್ದದ್ದು ಕೂಗುವುದನ್ನು.

"ಉಸಿರು ಕಟ್ತಾ ಇದೆ, ಕಾಪಾಡಿ! ಹೇಳಿ ಎಲ್ರೂ. ಆನೆಯ ಸ್ವರದಲ್ಲಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಒಂದಿಬ್ಬರು ಕಿಸಕ್ಕೆಂದರು. ಮುಂದಿನ ಸಾಲಿನ ಹುಡುಗಿ ತುಟಿಯಲ್ಲೇ ಹೇಳಿದಳು.

"ಇನ್ನೂ ಜೋರಾಗಿ."

"ಇದು ರೈಲಲ್ವಾ ಮೇಷ್ಟ್ರೇ?" ಎಂದ ಒಬ್ಬ ಹುಡುಗ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಆಗ ಇಗರಾಶಿ ತಾವೇ ಕೂಗಿದರು. ಪಡಸಾಲೆಯ ಆ ತುದಿಯ ಕಚೇರಿಯಲ್ಲಿ ಕೂತಿದ್ದ ನನಗೆ ಕೇಳಿತು. ಮೂವತ್ತು ವರ್ಷ ದನಿಯೇರಿಸದ ಗಂಟಲು, ಒಡೆದ ಮಡಕೆಯ ಹಾಗೆ. ಒಂದು ಸಲ, ಎರಡು ಸಲ, ಮೂರು ಸಲ. ಪಕ್ಕದ ತರಗತಿಯ ಟೀಚರು ಬಂದು ಬಾಗಿಲು ತಟ್ಟಿದರು: "ಇಗರಾಶಿ ಅವ್ರೇ, ನಮ್ಮ ಮಕ್ಕಳಿಗೆ ಲೆಕ್ಕದ ಪರೀಕ್ಷೆ ನಡೀತಿದೆ. ಸ್ವಲ್ಪ..."

ಒಂದು ವಾರ ಬಿಡದೆ ಹೇಳಿಕೊಟ್ಟ ಮೇಲೆ ಮಕ್ಕಳಿಗೆ ಕೂಗು ಬಂತು. ಬಂದದ್ದೇ ತಡ, ಅದು ಆಟವಾಯಿತು. ಸೋಮವಾರ ಬೆಳಿಗ್ಗೆ ಇಬ್ಬರು ಹುಡುಗರು ತುಂಬಿದ ಬೋಗಿಯಲ್ಲಿ "ಉಸಿರು ಕಟ್ತಾ ಇದೆ, ಕಾಪಾಡಿ!" ಎಂದು ಕೂಗಿ, ಜನ ಗಾಬರಿಯಾಗಿ ತಿರುಗಿದಾಗ ಬಿದ್ದು ಬಿದ್ದು ನಕ್ಕರು. ಯಾರೋ ತುರ್ತು ಗುಂಡಿ ಒತ್ತಿದ್ದರಿಂದ ಗಾಡಿ ನಿಂತಿತು. ಫೋನು ಮಧ್ಯಾಹ್ನದವರೆಗೂ ಬಿಡುವು ಕೊಡಲಿಲ್ಲ.

"ಒಂದು ಮಗುಗೆ ಹಾಗಾದ ಮೇಲೂ ನಿಮಗೆ ಬುದ್ಧಿ ಬಂದಿಲ್ವಾ?" ಎಂದಳು ಒಬ್ಬ ಹೆಂಗಸು. ಅವಳು ಸರಿಯಾಗಿಯೇ ಕೇಳಿದ್ದಳು. ಬುದ್ಧಿ ಎಂದರೆ ಯಾವುದು ಎಂಬುದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ.

ಹೆಡ್ಮಾಸ್ಟರು ಇಗರಾಶಿಯನ್ನು ಕರೆಸಿದರು. ಟಿಪ್ಪಣಿ ಬರೆದುಕೊಳ್ಳಲು ನಾನೂ ಇದ್ದೆ.

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ," ಎಂದರು ಶಿಂಜೊ. "ಆದ್ರೆ ಆರುನೂರು ಮಕ್ಕಳು ದಿನಾ ಓಡಾಡ್ತಾರೆ. ನಾಳೆ ಎಲ್ಲರೂ ಕೂಗೋಕೆ ಶುರುಮಾಡಿದ್ರೆ, ನಿಜವಾಗಿ ಕಷ್ಟದಲ್ಲಿರೋ ಮಗುನ ಯಾರು ನಂಬ್ತಾರೆ?"

"ಈಗ ಯಾರು ಕೇಳಿಸ್ಕೊಂಡ್ರು?" ಎಂದರು ಇಗರಾಶಿ.

ಶಿಂಜೊ ಮೇಜಿನ ಮೇಲಿದ್ದ ನಿಯಮಗಳ ಹಾಳೆ ಕೈಗೆತ್ತಿಕೊಂಡರು. ಕೆಟ್ಟವರಲ್ಲ ಅವರು. ಆ ರಾತ್ರಿಗಳಲ್ಲಿ ಅವರಿಗೂ ನಿದ್ದೆಯಿರಲಿಲ್ಲವೆಂದು ಬಲ್ಲೆ. ನಿಯಮಗಳ ಹಾಳೆ ಹೊಸದಾಗಿ ಅಚ್ಚಾಯಿತು. ಹಳೆಯ ಹದಿನಾಲ್ಕು ನಿಯಮದ ಕೆಳಗೆ ಒಂದು ಸೇರಿತು: 'ಮೈ ಸರಿಯಿಲ್ಲ ಅನ್ನಿಸಿದರೆ ಹತ್ತಿರವಿರುವ ಹಿರಿಯರಿಗೆ ತಿಳಿಸುವುದು.' ಹಾಳೆ ಅಚ್ಚಿಗೆ ಹೋಗುವ ಮೊದಲು ಪೋಷಕರ ಸಮಿತಿಯವರು ಓದಿ, 'ತಿಳಿಸುವುದು' ಎಂಬುದರ ಹಿಂದೆ 'ಮೆಲ್ಲಗೆ' ಎಂದು ಸೇರಿಸಿದರು. ಟೈಪು ಮಾಡಿದವಳು ನಾನೇ.

ಮಾರ್ಚಿಗೆ ಇಗರಾಶಿ ಕೆಲಸ ಬಿಟ್ಟರು. ನಿವೃತ್ತಿಗೆ ಇನ್ನೊಂದೇ ವರ್ಷವಿತ್ತು. ಬೀಳ್ಕೊಡುಗೆ ಬೇಡವೆಂದರು, ನಾವೂ ಬಲವಂತ ಮಾಡಲಿಲ್ಲ.

ರೈಲು ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಹತ್ತಿದರೆ, ಯಾರಾದರೂ ಗಂಟಲು ಸರಿಮಾಡಿಕೊಂಡ ಸದ್ದಾದರೂ ಸಾಕು, ಜನರನ್ನು ತಳ್ಳಿಕೊಂಡು ಹುಡುಕುತ್ತ ಹೋಗುತ್ತಿದ್ದರಂತೆ. ಒಮ್ಮೆ ಒಬ್ಬ ಕಾಲೇಜು ಹುಡುಗಿ ಹೆದರಿ ಕಿರುಚಿಕೊಂಡಳು. ಹೆಂಡತಿ ಫುಸಾಎ ಹೋಗಿ ಪೊಲೀಸು ಠಾಣೆಯಿಂದ ಕರೆತರಬೇಕಾಯಿತು. ಅಲ್ಲಿಂದ ಮುಂದೆ ಸೈಕಲ್ಲೇ. ಚಿಹೊಳನ್ನು ಬೆಟ್ಟದ ಬುಡದ ಆರೈಕೆಯ ಮನೆಗೆ ಸೇರಿಸಿದ್ದರು. ಪ್ರತಿ ಗುರುವಾರ ಒಂದೂವರೆ ಗಂಟೆ ಸೈಕಲ್ ತುಳಿದು ಹೋಗಿ, ಹಾಸಿಗೆಯ ಪಕ್ಕ ಕೂತು, ಮೂರನೆಯ ತರಗತಿಯ ಪಠ್ಯದಿಂದ ಶುರುಮಾಡಿ ಪಾಠ ಓದಿ ಹೇಳುತ್ತಿದ್ದರು. ಶಾಲೆಯ ಹೊಸ ವರ್ಷ ಶುರುವಾಗುವ ಏಪ್ರಿಲ್ ಬಂದಾಗ ನಾಲ್ಕನೆಯದು, ಮುಂದಿನ ಏಪ್ರಿಲಿಗೆ ಐದನೆಯದು. ಹೊಸ ಪಠ್ಯಪುಸ್ತಕಗಳಿಗೆ ನನಗೇ ಫೋನು ಮಾಡುತ್ತಿದ್ದರು. ನಾನು ಒಂದು ಪ್ರತಿ ತೆಗೆದಿಟ್ಟು ಕೊಡುತ್ತಿದ್ದೆ.

ಆರನೆಯ ತರಗತಿಯ ಪುಸ್ತಕ ಅರ್ಧವಾಗಿತ್ತು. ಒಂದು ಗುರುವಾರ ಚಿಹೊಳ ತಾಯಿ ಅವರನ್ನು ಬಾಗಿಲಲ್ಲೇ ತಡೆದರು.

"ಮೇಷ್ಟ್ರೇ, ಇನ್ಮೇಲೆ ಬರೋದು ಬೇಡ."

ಇಗರಾಶಿ ಟೋಪಿ ಕೈಯಲ್ಲಿ ಹಿಡಿದು ನಿಂತರು.

"ಅವಳು ಕೆಮ್ಬೇಕು. ಕೆಮ್ಮಿ ಕಫ ಹೊರಗೆ ಹಾಕ್ಬೇಕು, ಇಲ್ದಿದ್ರೆ ಎದೆ ಕಟ್ಟುತ್ತೆ. ದಿನವೆಲ್ಲ ಕೆಮ್ತಾಳೆ. ನೀವು ಬಂದು ಮಾತು ಶುರುಮಾಡಿದ್ರೆ ಮಾತ್ರ ಮೈ ಬಿಗಿ ಹಿಡೀತಾಳೆ. ನೀವು ಹೋಗೋವರ್ಗೂ ಒಂದು ಸಲಾನೂ ಕೆಮ್ಮಲ್ಲ. ನಾನು ಆರು ವಾರ ನೋಡಿದೀನಿ. ಡಾಕ್ಟ್ರು ಅದಕ್ಕೇನೂ ಅರ್ಥ ಇಲ್ಲ ಅಂತಾರೆ, ಅವಳಿಗೆ ಏನೂ ಕೇಳಿಸೋದಿಲ್ಲ ಅಂತಾರೆ." ತಾಯಿ ತಲೆ ಬಗ್ಗಿಸಿದರು. "ನೀವು ಅಷ್ಟು ದೂರದಿಂದ ಬರ್ತೀರ. ಹೀಗೆ ಹೇಳ್ತಿರೋದಕ್ಕೆ ಕ್ಷಮಿಸಿ."

"ಅವಳಿಗೆ ಕೇಳಿಸುತ್ತೆ ಅಂತೀರಾ?" ಎಂದು ಕೇಳಿದರಂತೆ ಇಗರಾಶಿ. ಅವರ ಮುಖದಲ್ಲಿ ಆ ಕ್ಷಣ ಏನೋ ಒಂದು ಬೆಳಗಿದ್ದನ್ನು ಕಂಡೆನೆಂದು ಆ ತಾಯಿ ಬಹಳ ದಿನದ ಮೇಲೆ ನನಗೆ ಹೇಳಿದರು. ಆಮೇಲೆ ಅದೇ ಮುಖ ಕಪ್ಪಿಟ್ಟಿತು. ಕೇಳಿಸದಿದ್ದರೆ ಮೂರು ವರ್ಷ ಓದಿದ್ದು ಗೋಡೆಗೆ. ಕೇಳಿಸುವುದಾದರೆ ಅದಕ್ಕಿಂತ ಕೆಟ್ಟದು.

ಅವರು ಬಗ್ಗಿ ನಮಸ್ಕರಿಸಿ ಸೈಕಲ್ ತಿರುಗಿಸಿಕೊಂಡು ಹೊರಟರು. ಮತ್ತೆ ಹೋಗಲಿಲ್ಲ.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಇಗರಾಶಿ ಮಾತು ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿಯೇಬಿಟ್ಟರು. ಗಂಟಲಲ್ಲಿ ಏನೂ ಇಲ್ಲ ಎಂದರು ವೈದ್ಯರು. ಬೇಕಾದ್ದನ್ನು ಕೈಸನ್ನೆಯಲ್ಲಿ ತೋರಿಸುತ್ತಿದ್ದರು. ಹೊಸ ವರ್ಷಕ್ಕೆ ನಾನು ಕಾರ್ಡು ಕಳಿಸಿದರೆ ಫುಸಾಎ ಉತ್ತರ ಬರೆಯುತ್ತಿದ್ದರು: 'ಯಜಮಾನರು ಹಾಗೇ ಇದ್ದಾರೆ. ಹಿತ್ತಲಲ್ಲಿ ಬದನೆ ಹಾಕಿದ್ದಾರೆ.' ಒಂದು ವರ್ಷ ಬದನೆಯ ಮಾತೂ ಇರಲಿಲ್ಲ.

ನಾನು ನಿವೃತ್ತಳಾಗುವಾಗ ನನ್ನ ಜಾಗಕ್ಕೆ ಬಂದ ಹುಡುಗಿಗೆ ಎಲ್ಲವನ್ನೂ ತೋರಿಸಿಕೊಟ್ಟೆ. ದೂರಿನ ಚೀಟಿ ಎಲ್ಲಿದೆ, ಯಾರಿಗೆ ಕೊಡಬೇಕು. "ಮೊದ್ಲು ಏನು ಹೇಳ್ಬೇಕು ಮೇಡಂ?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಬೇರೆ ಯಾವ ಮಾತೂ ಸಿಗಲಿಲ್ಲ. ಇಷ್ಟು ವರ್ಷ ಹೇಳಿದ್ದನ್ನೇ ಹೇಳಿಕೊಟ್ಟೆ.

ಹೋದ ಫೆಬ್ರವರಿಯಲ್ಲಿ ಇಗರಾಶಿ ತೀರಿಕೊಂಡರು. ನ್ಯುಮೋನಿಯಾ. ಎಪ್ಪತ್ತಮೂರು ವರ್ಷ. ಅಂತ್ಯಕ್ರಿಯೆಗೆ ಹನ್ನೆರಡು ಜನ ಬಂದಿದ್ದೆವು, ಅದರಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಇಬ್ಬರು. ಕೊನೆಯ ವಾರ ಏನಾಯಿತೆಂದು ಫುಸಾಎಯನ್ನು ಕೇಳಿದೆ.

"ಏನೂ ಆಗ್ಲಿಲ್ಲ," ಎಂದರು ಆಕೆ. "ನರ್ಸು ಬಂದು, ಜೋರಾಗಿ ಕೆಮ್ಮಿ, ಕಫ ಬಿಡಿ, ಅಂತ ದಿನಾ ಗದರ್ತಿದ್ಲು. ಅವ್ರು ಕೆಮ್ಲೇ ಇಲ್ಲ. ಆರು ಜನರ ವಾರ್ಡಲ್ವಾ, ಪಕ್ಕದೋರು ಮಲಗಿದಾರೆ ಅಂತ ಬೆರಳು ತೋರಿಸ್ತಿದ್ರು."